ಎಲ್ಲ ಕೋಣೆಗೂ ಒಂದೇ ಹಾಡು

ವೈರಪ್ಪ ಎಂದರೆ, ಅಂಗಡಿಯಲ್ಲಿ ಸಿಗುವ ನಿಸ್ತಂತು ಸ್ಪೀಕರನ್ನು ಅಂಗಡಿಯಲ್ಲಿ ಕೊಳ್ಳದೆ, ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಮಾಡುತ್ತೇನೆಂದು ಹೊರಟು, ಖರ್ಚು ಅಂಗಡಿಯ ಬೆಲೆ ದಾಟಿದ ಮೇಲೂ ಮಾಡುತ್ತಲೇ ಇರುವ ಗೃಹಸ್ಥ. ಇದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಾಲಿಗೆ ತೊಡರುವ ವೈರುಗಳನ್ನು ನೋಡಿ ನೋಡಿ ಮನೆಯವರು ಇಟ್ಟದ್ದು. ತಾನು ಮಾಡುವುದು ವೈರ್‌ಲೆಸ್ ಸ್ಪೀಕರ್ ಆದ್ದರಿಂದ ಈ ಹೆಸರಿಗೆ ಅವನ ಆಕ್ಷೇಪಣೆ ಇದೆ. ಆಕ್ಷೇಪಣೆ ದಾಖಲಾಗಿದೆ, ಹೆಸರು ಬದಲಾಗಿಲ್ಲ.

ವೈರಪ್ಪ ಒಬ್ಬನಲ್ಲ, ಒಂದು ವರ್ಗ. ಬೆಂಗಳೂರಿನಲ್ಲಿ ಈ ವರ್ಗ ದಟ್ಟವಾಗಿದೆ. ಮೈಸೂರು, ಹುಬ್ಬಳ್ಳಿ, ಮಂಗಳೂರುಗಳಲ್ಲಿ ಎಂಜಿನಿಯರಿಂಗ್ ಕಾಲೇಜಿನ ಆಸುಪಾಸಿನಲ್ಲಿ ಕಾಣಿಸುತ್ತದೆ. ವಯಸ್ಸಿನ ಪ್ರಕಾರ ಇದರಲ್ಲಿ ಮೂರು ಬಗೆ. ಮೊದಲನೆಯವನು ಹಾಸ್ಟೆಲಿನ ವೈರಪ್ಪ. ಇವನಿಗೆ ಇರುವುದೇ ಒಂದು ಕೋಣೆ, ಅದರಲ್ಲೂ ಅರ್ಧ. ಎಲ್ಲ ಕೋಣೆಗೂ ಒಂದೇ ಹಾಡು ಎಂಬುದು ಇವನ ಪಾಲಿಗೆ ಬರೀ ತತ್ತ್ವ. ಎರಡನೆಯವನು ಸಾಫ್ಟ್‌ವೇರ್ ವೈರಪ್ಪ. ಹಗಲೆಲ್ಲ ಯಾರದೋ ಕೆಟ್ಟ ಸರ್ವರ್ ಸರಿಮಾಡಿ, ರಾತ್ರಿ ತನ್ನದೇ ಸರ್ವರ್ ಕೆಡಿಸಿಕೊಂಡು ಕೂರುವವನು. ಮೂರನೆಯವನು ನಿವೃತ್ತ ವೈರಪ್ಪ. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಸುಗೆ ಹಾಕಿ ಬಂದವನು. ಕಣ್ಣು ಮಂಜಾದರೂ ಕೈ ನಡುಗುವುದಿಲ್ಲ. ಇಲ್ಲಿನ ವಿವರಣೆ ಮುಖ್ಯವಾಗಿ ಎರಡನೆಯವನಿಗೆ ಸಂಬಂಧಿಸಿದ್ದು. ಅವನಿಗೆ ಕೋಣೆಗಳಿವೆ, ವೈಫೈ ಇದೆ, ಸಂಬಳವಿದೆ, ಸಹಿಸಿಕೊಳ್ಳುವ ಸಂಸಾರವಿದೆ. ಈ ಕಾಯಿಲೆ ಹಿಡಿಯಲು ಇವು ನಾಲ್ಕೂ ಒಟ್ಟಿಗೆ ಇರಬೇಕು.

ಗುರುತು ಹಿಡಿಯುವುದು ಸುಲಭ. ಎಡಗೈಯ ತೋರುಬೆರಳ ತುದಿಯಲ್ಲಿ ಸೋಲ್ಡರಿಂಗ್ ಐರನ್ ಮುತ್ತಿಟ್ಟ ಕಲೆ ಇರುತ್ತದೆ. ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್ ಇರುತ್ತದೆ. ಹಳೆಯ ಮೊಬೈಲಿನ ಚಾರ್ಜರನ್ನು ಅವನು ಎಸೆಯುವುದಿಲ್ಲ, ಬೇರೆಯವರು ಎಸೆದದ್ದನ್ನೂ ಬಿಡುವುದಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬ ತೆರೆದರೆ ಬಿಸ್ಕತ್ತೊಂದು ಬಿಟ್ಟು ಅಡಾಪ್ಟರ್‌ಗಳೆಲ್ಲ ಇರುತ್ತವೆ. ಮದುವೆಗೆ ಹೋದರೆ ಉಳಿದವರು ವಧೂವರರ ಕಡೆ ನೋಡುವಾಗ ಇವನು ಮೈಕ್ ಸೆಟ್ಟಿನವನ ಬೆನ್ನ ಹಿಂದೆ ನಿಂತಿರುತ್ತಾನೆ. ಆಯುಧಪೂಜೆಯ ದಿನ ಕಾರು ಸ್ಕೂಟರುಗಳಿಗೆ ಮೊದಲು ಮಲ್ಟಿಮೀಟರಿಗೆ ಕುಂಕುಮ ಬೀಳುತ್ತದೆ. ಹೆಂಡತಿ ಮಕ್ಕಳು ತವರಿಗೆ ಹೋಗುವ ಮೇ ತಿಂಗಳು ಇವನ ಸುಗ್ಗಿ.

ವಂಶಾವಳಿ ಸಾಮಾನ್ಯದ್ದಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಯಂತ್ರ ಇಟ್ಟುಕೊಂಡು ಖಾಸಗಿ ರೇಡಿಯೊ ಕೇಂದ್ರ ನಡೆಸಿದರು. ಅದರ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಬಂತು. ಮನೆಯಲ್ಲಿ ಯಾರಾದರೂ ‘ಇದರಿಂದ ಏನು ಬಂತು’ ಎಂದು ಕೇಳಿದಾಗಲೆಲ್ಲ ವೈರಪ್ಪ ಗೋಪಾಲಸ್ವಾಮಿಯವರನ್ನು ಮುಂದೆ ತಂದು ನಿಲ್ಲಿಸುತ್ತಾನೆ. ಅವರ ಧ್ವನಿ ಮನೆಯಿಂದ ಹೊರಟು ಊರನ್ನು ಮುಟ್ಟಿತು, ತನ್ನದು ಹಾಲಿನಿಂದ ಹೊರಟು ಅಡುಗೆಮನೆ ಮುಟ್ಟಲು ಒದ್ದಾಡುತ್ತಿದೆ ಎಂಬ ಭಾಗವನ್ನು ಹೇಳುವುದಿಲ್ಲ.

ನಡುವೆ ಇನ್ನೊಂದು ತಲೆಮಾರು ಬರುತ್ತದೆ. ಅದು ಮಡಕೆಯ ತಲೆಮಾರು. ಟೇಪ್ ರೆಕಾರ್ಡರಿಗೆ ಜೋಡಿಸಿದ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕವುಚಿ ಮೂಲೆಯಲ್ಲಿಟ್ಟರೆ ಬೇಸ್ ಗುಂ ಎಂದು ಏಳುತ್ತಿತ್ತು. ಇನ್ನೊಂದು ಕೋಣೆಗೂ ಹಾಡು ಬೇಕೆಂದರೆ ಇನ್ನೊಂದು ಮಡಕೆ ತಂದು, ಗೋಡೆಯುದ್ದಕ್ಕೂ ಮೊಳೆ ಹೊಡೆದು ವೈರ್ ಎಳೆದರೆ ಕೆಲಸ ಮುಗಿಯಿತು. ತಂತಿಯಲ್ಲಿ ವಿದ್ಯುತ್ ಸಂಕೇತ ಓಡುವ ವೇಗಕ್ಕೆ ಮನೆಯೊಳಗಿನ ದೂರ ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಎರಡು ಮಡಕೆಗಳೂ ಒಟ್ಟಿಗೇ ಹಾಡುತ್ತಿವೆಯೇ ಎಂಬ ಪ್ರಶ್ನೆ ಆ ತಲೆಮಾರಿಗೆ ಹೊಳೆಯಲೇ ಇಲ್ಲ. ವೈರ್ ತೆಗೆದ ಮೇಲೆ ಹುಟ್ಟಿದ ಪ್ರಶ್ನೆ ಅದು. ವೈರಪ್ಪನ ಬಾಳೆಲ್ಲ ಆ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ.

ಕಾಯಿಲೆ ಶುರುವಾಗುವುದು ನೆಂಟರ ಮನೆಯಲ್ಲಿ. ಅಲ್ಲಿ ಹಾಲಿನಲ್ಲೂ ಮಲಗುವ ಕೋಣೆಯಲ್ಲೂ ಅಡುಗೆಮನೆಯಲ್ಲೂ ಒಂದೇ ಹಾಡು ಒಂದೇ ಸಮನೆ ಕೇಳಿಸುತ್ತದೆ. ಬೆಲೆ ಕೇಳಿದ ವೈರಪ್ಪ ಅಲ್ಲಿ ಏನೂ ಹೇಳುವುದಿಲ್ಲ. ವಾಪಸು ಬರುವಾಗ ಕಾರಿನಲ್ಲಿ, ಮೊದಲನೆಯ ಸಿಗ್ನಲ್ಲಿನಲ್ಲೇ, ‘ಇದನ್ನ ನಾನು ಒಂದೂವರೆ ಸಾವಿರಕ್ಕೆ ಮಾಡ್ತೀನಿ’ ಎನ್ನುತ್ತಾನೆ. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸುತ್ತಾಳೆ. ಹೋದ ಸಲ ಇದೇ ಸಿಗ್ನಲ್ಲಿನಲ್ಲಿ ಇದೇ ಮಾತನ್ನು ಅವನು ಇನ್ವರ್ಟರ್ ಬಗ್ಗೆ ಆಡಿದ್ದ.

ಒಂದೂವರೆ ಸಾವಿರದ ಲೆಕ್ಕ ಸುಳ್ಳಲ್ಲ, ಅಪೂರ್ಣ. ಅದರಲ್ಲಿ ಬೋರ್ಡು, ಆಂಪ್ಲಿಫೈಯರ್, ಸ್ಪೀಕರ್ ಮೂರೇ ಬಾಬ್ತು ಬರುತ್ತವೆ. ಸುಟ್ಟ ಬೋರ್ಡು ಬರುವುದಿಲ್ಲ, ಅದು ‘ಕಲಿಕೆ’. ಹೊಸ ಸೋಲ್ಡರಿಂಗ್ ಸ್ಟೇಷನ್ ಬರುವುದಿಲ್ಲ, ಅದು ‘ಆಸ್ತಿ’. ಪೆಟ್ರೋಲು, ಪಾರ್ಕಿಂಗು, ದಾರಿಯಲ್ಲಿ ತಿಂದ ದೋಸೆ ಬರುವುದಿಲ್ಲ. ಅವು ಹೇಗೂ ಆಗುತ್ತಿದ್ದ ಖರ್ಚು.

ಮುಂದಿನ ಹಂತ ಎಸ್.ಪಿ. ರೋಡು. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಬೆಂಗಳೂರಿನ ಟೌನ್ ಹಾಲಿನ ಹತ್ತಿರ, ಸಿಟಿ ಮಾರ್ಕೆಟ್ಟಿನ ಮಗ್ಗುಲಲ್ಲಿದೆ. ವೈರಪ್ಪನಿಗೆ ಬೇಕಾದ ಸಕಲವೂ ಇಲ್ಲಿ ಮೂರಡಿ ಅಗಲದ ಅಂಗಡಿಗಳಲ್ಲಿ, ಸಣ್ಣ ಸಣ್ಣ ಪ್ಲಾಸ್ಟಿಕ್ ಡ್ರಾಯರುಗಳಲ್ಲಿ ಇದೆ. ವೈರಪ್ಪ ಹೋಗುವ ಮೊದಲು ಮೂರು ರಾತ್ರಿ ಡೇಟಾಶೀಟ್ ಓದಿರುತ್ತಾನೆ. ಅಂಗಡಿಯವನ ಮುಂದೆ ನಿಂತು ಚಿಪ್ಪಿನ ಪೂರ್ತಿ ಸಂಖ್ಯೆ, ವೋಲ್ಟೇಜು, ಪಿನ್ನುಗಳ ವಿನ್ಯಾಸ ಎಲ್ಲ ಒಪ್ಪಿಸುತ್ತಾನೆ. ಅಂಗಡಿಯವನು ಕೊನೆಯತನಕ ಕೇಳಿ, ‘ಸಾರ್, ನೀಲಿ ಬೋರ್ಡಾ, ನೇರಳೆ ಬೋರ್ಡಾ?’ ಎನ್ನುತ್ತಾನೆ. ಡೇಟಾಶೀಟಿನಲ್ಲಿ ಬಣ್ಣದ ವಿಚಾರ ಇರುವುದಿಲ್ಲ. ವೈರಪ್ಪ ಎರಡನ್ನೂ ಕೊಳ್ಳುತ್ತಾನೆ. ‘ಎಷ್ಟು ಪೀಸು?’ ಎಂಬ ಪ್ರಶ್ನೆಗೆ ‘ಒಂದೊಂದು’ ಎನ್ನುವಾಗ ಮಾತ್ರ, ಹಿಂದೆ ನಿಂತು ನೂರರ ಲೆಕ್ಕದಲ್ಲಿ ಕೇಳುತ್ತಿರುವವರ ಎದುರು, ಅವನ ದನಿ ಸ್ವಲ್ಪ ಇಳಿಯುತ್ತದೆ.

ಕೊಂಡು ತಂದ ಸಾಮಾನಿನಲ್ಲಿ ಮುಖ್ಯವಾದದ್ದು ಇಎಸ್‌ಪಿ32. ಶಾಂಘಾಯಿಯ ಎಸ್ಪ್ರೆಸಿಫ್ ಕಂಪನಿ 2016ರಲ್ಲಿ ಹೊರತಂದ ಮೈಕ್ರೊಕಂಟ್ರೋಲರ್ ಇದು. ಉಗುರಿನಗಲದ ಚಿಪ್ಪಿನಲ್ಲಿ 240 ಮೆಗಾಹರ್ಟ್ಸ್‌ವರೆಗೆ ಓಡುವ ಎರಡು ಸಂಸ್ಕಾರಕಗಳು, 520 ಕಿಲೊಬೈಟ್ ನೆನಪು, ವೈಫೈ, ಬ್ಲೂಟೂತ್ ಎಲ್ಲ ಅಡಕವಾಗಿವೆ. ಇದು ವೈಫೈ ಮೂಲಕ ಹಾಡನ್ನು ಅಂಕಿಗಳ ರೂಪದಲ್ಲಿ ತರಿಸಿಕೊಳ್ಳುತ್ತದೆ. ಅಂಕಿಗಳು ಇದರಿಂದ ಮುಂದಕ್ಕೆ ಹೋಗುವುದು ‘ಐ ಟು ಎಸ್’ ಎಂಬ ಪದ್ಧತಿಯಲ್ಲಿ. ಫಿಲಿಪ್ಸ್ ಕಂಪನಿ 1986ರಲ್ಲಿ ರೂಪಿಸಿದ ಇದಕ್ಕೆ ಮೂರು ತಂತಿ ಬೇಕು. ಒಂದು ತಾಳ ಹಾಕುತ್ತದೆ, ಒಂದು ‘ಈಗ ಎಡಗಿವಿಯ ಸರದಿ, ಈಗ ಬಲಗಿವಿಯದು’ ಎಂದು ತಿಳಿಸುತ್ತದೆ, ಒಂದು ಹಾಡನ್ನು ಹೊರುತ್ತದೆ. ಆ ತುದಿಯಲ್ಲಿ ಕಡಲೆಬೇಳೆಗಿಂತ ಸಣ್ಣ ಆಂಪ್ಲಿಫೈಯರ್ ಚಿಪ್ಪು ಕೂತು ಅಂಕಿಯನ್ನು ನಾದ ಮಾಡುತ್ತದೆ. 5 ವೋಲ್ಟ್ ಕೊಟ್ಟು 4 ಓಮಿನ ಸ್ಪೀಕರ್ ಕಟ್ಟಿದರೆ ಸುಮಾರು 3 ವಾಟ್ ಹೊರಡುತ್ತದೆ. ಒಂದು ಕೋಣೆಗೆ ಅದು ಧಾರಾಳ.

ಈ ಹಂತದಲ್ಲಿ ತಾಯಿ ಬಂದು ಮೇಜಿನ ಮೇಲಿನ ವೈರುಗಳನ್ನು ಎಣಿಸುತ್ತಾಳೆ. ಬೋರ್ಡಿನಿಂದ ಆಂಪ್ಲಿಫೈಯರಿಗೆ ಮೂರು, ಕರೆಂಟಿಗೆ ಎರಡು, ಸ್ಪೀಕರಿಗೆ ಎರಡು, ಗೋಡೆಯ ಪ್ಲಗ್ಗಿಗೆ ಒಂದು.

‘ಎಂಟಾಯ್ತಲ್ಲೋ. ವೈರ್ ಇಲ್ಲದ್ದು ಅಂದೆ?’

‘ಅಮ್ಮಾ, ಕೋಣೆಯಿಂದ ಕೋಣೆಗೆ ವೈರ್ ಇಲ್ಲ ಅಂತ.’

‘ಒಂದ್ ಕೋಣೆಯಿಂದ ಇನ್ನೊಂದ್ ಕೋಣೆಗೆ ಎರಡೇ ವೈರಲ್ಲಿ ನಿಮ್ಮಪ್ಪ ಎಳೀತಿದ್ರು.’

ಬೋರ್ಡಿಗೆ ಪ್ರೋಗ್ರಾಂ ತುಂಬುವುದು ಮುಂದಿನ ಕೆಲಸ. ಇದಕ್ಕೆ ಹೊಸದಾಗಿ ಏನನ್ನೂ ಬರೆಯಬೇಕಿಲ್ಲ. ಹಿಂದೆ ಸ್ಕ್ವೀಜ್‌ಬಾಕ್ಸ್ ಎಂಬ ಸಂಗೀತಪೆಟ್ಟಿಗೆ ಇತ್ತು. ಅದನ್ನು ಮಾಡುತ್ತಿದ್ದ ಸ್ಲಿಮ್ ಡಿವೈಸಸ್ ಎಂಬ ಕಂಪನಿಯನ್ನು 2006ರಲ್ಲಿ ಲಾಜಿಟೆಕ್ ಕೊಂಡಿತು, 2012ರಲ್ಲಿ ಪೆಟ್ಟಿಗೆಯ ತಯಾರಿಕೆ ನಿಂತಿತು. ಪೆಟ್ಟಿಗೆ ಹೋದರೂ ಅದಕ್ಕೆ ಹಾಡು ಬಡಿಸುತ್ತಿದ್ದ ಸಾಫ್ಟ್‌ವೇರನ್ನು ಹವ್ಯಾಸಿಗಳು ಬಿಡಲಿಲ್ಲ. ಅದು ಈಗ ಲಿರಿಯನ್ ಎಂಬ ಹೆಸರಿನಲ್ಲಿ ಜೀವಂತವಾಗಿದೆ, ಇಎಸ್‌ಪಿ32 ಬೋರ್ಡನ್ನು ಆ ಹಳೆಯ ಪೆಟ್ಟಿಗೆಯಂತೆ ನಟಿಸುವ ಹಾಗೆ ಮಾಡುವ ಪ್ರೋಗ್ರಾಮೂ ಇದೆ. ಸ್ನ್ಯಾಪ್‌ಕಾಸ್ಟ್ ಎಂಬ ಇನ್ನೊಂದು ಪದ್ಧತಿಯೂ ಇದೆ. ಎರಡೂ ಪುಕ್ಕಟೆ. ಯಾವುದು ಮೇಲು ಎಂಬುದರ ಬಗ್ಗೆ ಇಬ್ಬರು ವೈರಪ್ಪಂದಿರು ಸೇರಿದರೆ ಸಾಂಬಾರು ಮೇಲೋ ಹುಳಿ ಮೇಲೋ ಎಂಬ ಮಟ್ಟದ ವಾದ ನಡೆಯುತ್ತದೆ.

ಪ್ರೋಗ್ರಾಂ ತುಂಬುವಾಗ ಪರದೆಯ ಮೇಲೆ ‘ಸಂಪರ್ಕಿಸಲಾಗುತ್ತಿದೆ’ ಎಂಬರ್ಥದ ಇಂಗ್ಲಿಷ್ ಪದ ಬಂದು ಅದರ ಮುಂದೆ ಚುಕ್ಕಿಗಳು ಒಂದೊಂದಾಗಿ ಬೀಳತೊಡಗುತ್ತವೆ. ರಂಗೋಲಿಗೆ ಇಟ್ಟ ಚುಕ್ಕಿಯಂತೆ ಸಾಲು ಬೆಳೆಯುತ್ತದೆ, ಗೆರೆ ಮಾತ್ರ ಬರುವುದಿಲ್ಲ. ಎಷ್ಟೋ ಬೋರ್ಡುಗಳಲ್ಲಿ ಈ ಹೊತ್ತಿಗೆ ‘ಬೂಟ್’ ಎಂಬ ಕಡುಸಣ್ಣ ಗುಂಡಿಯನ್ನು ಒತ್ತಿ ಹಿಡಿಯಬೇಕು. ವೈರಪ್ಪನಿಗೆ ಇದು ತಿಳಿಯುವುದು ಎರಡನೆಯ ರಾತ್ರಿ. ಪ್ರೋಗ್ರಾಂ ತುಂಬಿದ ಮೇಲೆ ಬೋರ್ಡು ವೈಫೈಗೆ ಸೇರುವುದಿಲ್ಲ. ಗುಪ್ತಪದವನ್ನು ಹದಿನೆಂಟು ಸಲ ಬಡಿದು ನೋಡಿದ ಮೇಲೆ, ಈ ಚಿಪ್ಪಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕೇಳಿಸುತ್ತದೆ, ತಾನು ಜಂಬದಿಂದ ಹಾಕಿಸಿಕೊಂಡ 5 ಗಿಗಾಹರ್ಟ್ಸ್ ಇದಕ್ಕೆ ಕಾಣುವುದೇ ಇಲ್ಲ ಎಂದು ಹೊಳೆಯುತ್ತದೆ. ಇದು ಮೂರನೆಯ ರಾತ್ರಿ. ನಾಲ್ಕನೆಯ ರಾತ್ರಿ ಹಾಡು ಶುರುವಾಗಿ ಮುಗ್ಗರಿಸುತ್ತದೆ. ಸಿಡಿ ಗುಣಮಟ್ಟದ ಹಾಡಿಗೆ ಸೆಕೆಂಡಿಗೆ 1,76,400 ಬೈಟ್ ಬೇಕು. ಚಿಪ್ಪಿನ 520 ಕಿಲೊಬೈಟಿನಲ್ಲಿ ವೈಫೈ ಮತ್ತಿತರ ಕೆಲಸಗಳ ಪಾಲು ಕಳೆದರೆ ಹಾಡನ್ನು ದಾಸ್ತಾನು ಇಡಲು ಜಾಗವಿಲ್ಲ. ಹೆಚ್ಚುವರಿ ನೆನಪಿನ ಇನ್ನೊಂದು ಬಗೆಯ ಬೋರ್ಡು ಬೇಕು. ಶನಿವಾರ ಮತ್ತೆ ಎಸ್.ಪಿ. ರೋಡು, ಮತ್ತೆ ದೋಸೆ.

ಇಷ್ಟಾದ ಮೇಲೆ ಹೊರಕವಚದ ಪ್ರಶ್ನೆ. ಬೋರ್ಡು ಬೆತ್ತಲೆಯಾಗಿ ಅಡುಗೆಮನೆಯಲ್ಲಿ ಇರುವಂತಿಲ್ಲ. ಒಗ್ಗರಣೆಯ ಎಣ್ಣೆ ಹಾರುತ್ತದೆ. ವೈರಪ್ಪನ ಕಣ್ಣು ಶೆಲ್ಫಿನ ಮೇಲಿನ ಅವಲಕ್ಕಿಯ ಸ್ಟೀಲ್ ಡಬ್ಬದ ಮೇಲೆ ಬೀಳುತ್ತದೆ. ಗುಂಡಗಿದೆ, ಹೊಳೆಯುತ್ತದೆ, ಸ್ಪೀಕರಿನ ಅಳತೆಗೆ ಹೇಳಿ ಮಾಡಿಸಿದಂತಿದೆ. ಮದುವೆಯಲ್ಲಿ ಬಂದ ಡಬ್ಬ ಅದು. ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಹೆಂಡತಿಯ ಸೋದರತ್ತೆಯ ಹೆಸರೂ ತಾರೀಖೂ ಕೊರೆದಿವೆ. ಮಧ್ಯಾಹ್ನ ಅವಲಕ್ಕಿ ಪ್ಲಾಸ್ಟಿಕ್ ಕವರಿಗೆ ಇಳಿಯುತ್ತದೆ, ಮುಚ್ಚಳದಲ್ಲಿ ಸ್ಪೀಕರಿಗೆ ತೂತು ಬೀಳುತ್ತದೆ. ಬೋರ್ಡನ್ನು ಒಳಗಿಟ್ಟು ಮುಚ್ಚಿದ ತಕ್ಷಣ ಹಾಡು ನಿಲ್ಲುತ್ತದೆ. ಮುಚ್ಚಳ ತೆಗೆದರೆ ಬರುತ್ತದೆ. ಲೋಹದ ಡಬ್ಬ ರೇಡಿಯೊ ಅಲೆಗಳನ್ನು ಒಳಗೆ ಬಿಡುವುದಿಲ್ಲ ಎಂಬುದನ್ನು ವೈರಪ್ಪ ಎಂಜಿನಿಯರಿಂಗಿನ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದ. ಸಂಜೆ ಹೆಂಡತಿ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, ತೂತು ಸೋದರತ್ತೆಯ ಹೆಸರಿನ ಮೇಲೆ ಬಿದ್ದಿಲ್ಲವೆಂಬ ಒಂದೇ ಕಾರಣಕ್ಕೆ ಊಟ ಬಡಿಸುತ್ತಾಳೆ. ಮುಂದಿನ ಕವಚಗಳೆಲ್ಲ ಪ್ಲೈವುಡ್ಡಿನವು.

ಮೊದಲನೆಯ ಸ್ಪೀಕರ್ ಹಾಡಿದ ದಿನ ಸಣ್ಣ ಹಬ್ಬ. ಹಾಡಿನ ಜೊತೆಗೆ ಹಿನ್ನೆಲೆಯಲ್ಲಿ ‘ಟಿಕ್ ಟಿಕ್ ಟಿಕ್’ ಎಂಬ ಸದ್ದು ಇರುತ್ತದೆ. ಚಿಪ್ಪು ವೈಫೈಯಲ್ಲಿ ಮಾತಾಡುವಾಗಲೆಲ್ಲ ಗಬಕ್ಕನೆ ಕರೆಂಟು ಎಳೆಯುತ್ತದೆ, ಆ ಜಗ್ಗಾಟ ಆಂಪ್ಲಿಫೈಯರಿಗೂ ತಾಗುತ್ತದೆ. ಕರೆಂಟಿನ ದಾರಿಯಲ್ಲಿ 1,000 ಮೈಕ್ರೊಫ್ಯಾರಡಿನ ಒಂದು ಕೆಪಾಸಿಟರ್ ಕೂರಿಸಿದರೆ ಬಹುಮಟ್ಟಿಗೆ ಅಡಗುತ್ತದೆ. ಸಂಪಿನಲ್ಲಿ ನೀರಿದ್ದರೆ ನಲ್ಲಿ ನಿಂತದ್ದು ಗೊತ್ತಾಗದ ಹಾಗೆ. ವೈರಪ್ಪ ಟಿಕ್ ಟಿಕ್ ನಿಲ್ಲಿಸಿ, ಮನೆಯವರನ್ನೆಲ್ಲ ಕರೆದು, ‘ಈಗ ಕೇಳಿ, ಕೇಳಿಸುತ್ತಾ?’ ಎನ್ನುತ್ತಾನೆ. ಎಲ್ಲರೂ ಕಿವಿಗೊಟ್ಟು ‘ಇಲ್ಲ’ ಎನ್ನುತ್ತಾರೆ. ಅವನು ಸಂತೋಷಪಡುತ್ತಾನೆ. ಹಾಡು ಹೇಗಿದೆ ಎಂದು ಯಾರನ್ನೂ ಕೇಳುವುದಿಲ್ಲ.

ನಿಜವಾದ ಕಷ್ಟ ಎರಡನೆಯ ಕೋಣೆಯಿಂದ. ಬೆಳಗಿನ ಜಾವ ಹಾಲಿನಲ್ಲೂ ಅಡುಗೆಮನೆಯಲ್ಲೂ ಒಟ್ಟಿಗೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ ಹಚ್ಚಿದರೆ, ಹಾಲಿನ ಎಂ.ಎಸ್. ಒಂದು ಪದ ಮುಂದೆ, ಅಡುಗೆಮನೆಯ ಎಂ.ಎಸ್. ಒಂದು ಪದ ಹಿಂದೆ. ತಿಮ್ಮಪ್ಪನನ್ನು ಇಬ್ಬರು ಸರದಿಯ ಮೇಲೆ ಎಬ್ಬಿಸಿದಂತಿರುತ್ತದೆ. ತಾಯಿ ಎರಡು ದಿನ ಸಹಿಸಿ, ‘ದೇವರು ಎದ್ದಾಯ್ತು, ಇನ್ನು ನಿಲ್ಲಿಸು’ ಎನ್ನುತ್ತಾಳೆ.

ಕಾರಣ ಹೀಗಿದೆ. ಹಾಡು ವೈಫೈಯಲ್ಲಿ ಸಣ್ಣ ಪೊಟ್ಟಣಗಳಾಗಿ ಬರುತ್ತದೆ, ಪ್ರತಿ ಪೊಟ್ಟಣಕ್ಕೂ ದಾರಿಯಲ್ಲಿ ಬೇರೆ ಬೇರೆ ಹೊತ್ತು ಹಿಡಿಯುತ್ತದೆ. ಬಂದದ್ದನ್ನು ಬಂದ ಹಾಗೆ ನುಡಿಸಿದರೆ ಕೋಣೆಗೊಂದು ಕಾಲ. ಆದ್ದರಿಂದ ಹಾಡು ಬಡಿಸುವ ಸರ್ವರ್ ಪ್ರತಿ ಪೊಟ್ಟಣದ ಮೇಲೂ ಒಂದು ಮುಹೂರ್ತ ಬರೆದು ಕಳಿಸುತ್ತದೆ: ಇದನ್ನು ಇಂಥ ಗಳಿಗೆಗೆ ನುಡಿಸತಕ್ಕದ್ದು. ಬೋರ್ಡು ಪೊಟ್ಟಣವನ್ನು ಹಿಡಿದುಕೊಂಡು, ಗಟ್ಟಿಮೇಳಕ್ಕೆ ಕಾಯುವ ವಾದ್ಯದವರಂತೆ, ಮುಹೂರ್ತದ ತನಕ ಸುಮ್ಮನಿರುತ್ತದೆ. ಮುಹೂರ್ತ ಮೀರಿ ಬಂದ ಪೊಟ್ಟಣವನ್ನು ಎಸೆಯುತ್ತದೆ. ಸ್ನ್ಯಾಪ್‌ಕಾಸ್ಟಿನಲ್ಲಿ ಪೊಟ್ಟಣ ಸಾಮಾನ್ಯವಾಗಿ 20 ಮಿಲಿಸೆಕೆಂಡಿನದು, ಕಾಯುವ ಅವಧಿ 1 ಸೆಕೆಂಡಿನದು.

ಮುಹೂರ್ತ ಒಂದೇ ಆದರೂ ಗಡಿಯಾರ ಒಂದೇ ಆಗಬೇಕಲ್ಲ. ಪ್ರತಿ ಬೋರ್ಡಿನಲ್ಲೂ ಸ್ಫಟಿಕದ ಒಂದು ಗಡಿಯಾರವಿದೆ, ಯಾವ ಎರಡೂ ಕೂದಲೆಳೆಯಷ್ಟೂ ಬೇರೆಯಾಗದೆ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡು ಅಗಲುತ್ತವೆ. ದಿನಪೂರ್ತಿ ಬಿಟ್ಟರೆ ಒಂದೂಮುಕ್ಕಾಲು ಸೆಕೆಂಡಿನ ಹತ್ತಿರ. ಇದಕ್ಕೆ ಮದ್ದೆಂದರೆ ಬೋರ್ಡು ಆಗಾಗ ಸರ್ವರನ್ನು ಗಂಟೆ ಕೇಳಿ, ತಾನು ಹಿಂದಿದ್ದರೆ ಹಾಡಿನ ಒಂದು ತುಣುಕನ್ನು ಬಿಟ್ಟು, ಮುಂದಿದ್ದರೆ ಒಂದನ್ನು ಹೆಚ್ಚಿಗೆ ಸೇರಿಸಿ ಸರಿತೂಗಿಸುವುದು. ಸೆಕೆಂಡಿಗೆ 44,100 ತುಣುಕುಗಳಿರುವ ಹಾಡಿನಲ್ಲಿ ಒಂದು ಹೆಚ್ಚು ಒಂದು ಕಡಿಮೆ ಯಾವ ಕಿವಿಗೂ ತಿಳಿಯುವುದಿಲ್ಲ. ವೈರಪ್ಪ ಇದನ್ನು ಹೆಂಡತಿಗೆ ಅರ್ಧ ಗಂಟೆ, ಮಗಳಿಗೆ ಚಿತ್ರ ಬರೆದು ಒಂದು ಗಂಟೆ ವಿವರಿಸುತ್ತಾನೆ. ಪಕ್ಕದಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ತಾಯಿ, ‘ಅಧಿಕಮಾಸ ಹಾಕ್ದ ಹಾಗೆ ಅನ್ನು’ ಎನ್ನುತ್ತಾಳೆ. ಚಾಂದ್ರಮಾನದ ವರ್ಷ ಸೌರಮಾನಕ್ಕಿಂತ ಸುಮಾರು 11 ದಿನ ಕಡಿಮೆ, ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಸೇರಿಸಿ ಸರಿಮಾಡುತ್ತಾರೆ, ವಿಷಯ ಅದೇ. ಮನೆಯಲ್ಲಿ ಅವನ ಕೆಲಸ ಅರ್ಥವಾದದ್ದು ಒಬ್ಬಳಿಗೇ, ಅವಳಿಗೇ ಅದು ಬೇಡವಾಗಿರುವುದು.

ಎಷ್ಟು ವ್ಯತ್ಯಾಸವಾದರೆ ಕಿವಿಗೆ ತಿಳಿಯುತ್ತದೆ ಎಂಬುದಕ್ಕೂ ಲೆಕ್ಕವಿದೆ. ಒಂದೇ ಸದ್ದು ಎರಡು ಕಡೆಯಿಂದ ಸ್ವಲ್ಪ ಹಿಂದುಮುಂದಾಗಿ ಬಂದರೆ ಕಿವಿ ಅದನ್ನು ಒಂದೇ ಎಂದು ಹೊಲಿದುಕೊಳ್ಳುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರ ತಮ್ಮ ಪ್ರಬಂಧದಲ್ಲಿ ಇದನ್ನು ಪರಿಶೀಲಿಸಿದ್ದರಿಂದ ಈ ಗುಣಕ್ಕೆ ಅವರ ಹೆಸರೇ ಇದೆ. ಮಾತಿನಲ್ಲಾದರೆ 30–40 ಮಿಲಿಸೆಕೆಂಡಿನ ತನಕ ಹೊಲಿಗೆ ನಿಲ್ಲುತ್ತದೆ. ಮೃದಂಗದ ಪೆಟ್ಟಿನಂಥ ಚೂಪಾದ ಸದ್ದಿನಲ್ಲಿ ಬೇಗನೆ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ವೈರಪ್ಪ ಪರೀಕ್ಷೆಗೆ ಬಳಸುವುದು ಮೃದಂಗದಿಂದ ಶುರುವಾಗುವ ಒಂದೇ ಒಂದು ಕೀರ್ತನೆಯನ್ನು, ಅದರ ಮೊದಲ 15 ಸೆಕೆಂಡನ್ನು. ಆರು ತಿಂಗಳಲ್ಲಿ ಆ 15 ಸೆಕೆಂಡು ಮನೆಯವರಿಗೆಲ್ಲ ಬಾಯಿಪಾಠವಾಗಿದೆ. ಮಗಳು ಹಲ್ಲುಜ್ಜುವಾಗ ಅದನ್ನೇ ಗುನುಗುತ್ತಾಳೆ. ಪಲ್ಲವಿ ಹೇಗಿದೆಯೆಂದು ಯಾರೂ ಕೇಳಿಲ್ಲ. ಹಾಡುಗಾರರು ಬಾಯಿ ತೆರೆಯುವಷ್ಟರಲ್ಲಿ ವೈರಪ್ಪ ನಿಲ್ಲಿಸಿ ಮೊದಲಿನಿಂದ ಹಚ್ಚುತ್ತಾನೆ.

ತಿಂಗಳುಗಟ್ಟಲೆ ತಿದ್ದಿದ ಮೇಲೆ ಎರಡು ಬೋರ್ಡುಗಳ ಅಂತರ ಒಂದು ಮಿಲಿಸೆಕೆಂಡಿಗಿಂತ ಕಡಿಮೆಗೆ ಇಳಿಯುತ್ತದೆ. ಆಗ ಭೌತಶಾಸ್ತ್ರ ಅಡ್ಡ ಬರುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ನಡೆಯುತ್ತದೆ. ಒಂದು ಅಡಿ ದಾಟಲು ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡು ಬೇಕು. ಅಡುಗೆಮನೆ 20 ಅಡಿ ದೂರವಿದ್ದರೆ, ಹಾಲಿನಲ್ಲಿ ಕೂತವನಿಗೆ ಅಡುಗೆಮನೆಯ ಹಾಡು 18 ಮಿಲಿಸೆಕೆಂಡು ತಡವಾಗಿಯೇ ಕೇಳಿಸುವುದು, ಅಡುಗೆಮನೆಯಲ್ಲಿ ನಿಂತವಳಿಗೆ ಹಾಲಿನದು ತಡ. ಬೋರ್ಡು ಎಷ್ಟೇ ಸತ್ಯವಂತನಾದರೂ ಎರಡೂ ಸರಿಸಮನಾಗಿ ಕೇಳಿಸುವುದು ನಟ್ಟನಡುವೆ ನಿಂತವರಿಗೆ ಮಾತ್ರ. ಈ ಮನೆಯಲ್ಲಿ ಆ ನಟ್ಟನಡುವಿನ ಜಾಗ ಬಚ್ಚಲಮನೆಯ ಬಾಗಿಲ ಮುಂದೆ, ಕಾಲೊರಸಿನ ಮೇಲೆ ಬರುತ್ತದೆ. ವೈರಪ್ಪ ಅಲ್ಲಿ ಕಣ್ಣುಮುಚ್ಚಿ ನಿಂತಿರುವಾಗ, ಸ್ನಾನಕ್ಕೆ ಬಂದವರು ಟವೆಲು ಹೆಗಲಿಗೆ ಹಾಕಿಕೊಂಡು ಕಾಯುತ್ತಾರೆ.

ಇದೇ ಕಾಲದಲ್ಲಿ ಮೈಕ್ರೊವೇವಿನ ಕಲಹವೂ ನಡೆಯುತ್ತದೆ. ಆ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸಿನ ಆಸುಪಾಸಿನಲ್ಲಿ, ಬೋರ್ಡಿನ ವೈಫೈ ಇರುವುದೂ ಅದೇ ಬೀದಿಯಲ್ಲಿ. ಒಲೆಯಿಂದ ಸೋರುವ ಚೂರುಪಾರು ಅಲೆಗೂ ಪಕ್ಕದಲ್ಲಿಟ್ಟ ಸ್ಪೀಕರ್ ತೊದಲುತ್ತದೆ. ವೈರಪ್ಪ ಹಾಡು ನಡೆಯುವಾಗ ಯಾರೂ ಸಾರು ಬಿಸಿ ಮಾಡಬಾರದೆಂದು ಸೂಚಿಸುತ್ತಾನೆ. ಅದಕ್ಕೆ ಉತ್ತರವಾಗಿ ಹೆಂಡತಿ ಹೇಳುವುದು ಎರಡೇ ಪದ: ‘ಗ್ಯಾಸಿದೆಯಲ್ಲ ರೀ.’ ಆವತ್ತಿನಿಂದ ಸಾರು ಬಿಸಿ ಮಾಡುವ ಕೆಲಸ ಅವನದಾಗುತ್ತದೆ.

ಕೊನೆಗೊಂದು ದಿನ ಎಲ್ಲ ಸರಿಹೋಗುತ್ತದೆ. ಹಾಲು, ಅಡುಗೆಮನೆ, ಮಲಗುವ ಕೋಣೆ, ಮೂರು ಕಡೆಯೂ ಒಂದೇ ಹಾಡು ಒಂದೇ ಕಾಲಕ್ಕೆ. ಆಗ ಯಾರೂ ಊಹಿಸದ ಒಂದು ತೊಡಕು ಏಳುತ್ತದೆ. ತಪ್ಪಿದ್ದಾಗ ಎಲ್ಲರಿಗೂ ಕೇಳಿಸುತ್ತಿದ್ದದ್ದು ಸರಿಯಾದ ಮೇಲೆ ಯಾರಿಗೂ ಕೇಳಿಸುವುದಿಲ್ಲ. ಮನೆಗೆ ಬಂದ ನೆಂಟರನ್ನು ಕೂರಿಸಿ ಹಾಡು ಹಚ್ಚಿದರೆ ಅವರು ‘ಹೂಂ, ಹಾಡು’ ಎಂದು ಕಾಫಿ ಕುಡಿಯುತ್ತಾರೆ. ‘ಮೂರು ಕೋಣೆಯಲ್ಲೂ ಒಟ್ಟಿಗೆ ಬರ್ತಿದೆ’ ಎಂದರೆ ‘ಒಟ್ಟಿಗೇ ಬರಬೇಕಲ್ವೇ’ ಎನ್ನುತ್ತಾರೆ. ಎಂಟು ತಿಂಗಳ ತಪಸ್ಸಿನ ಫಲ, ಏನೂ ಆಗದಿರುವುದು. ಏನೂ ಆಗದಿರುವುದನ್ನು ತೋರಿಸುವ ಬಗೆ ಹೇಗೆ?

ವೈರಪ್ಪ ಕಂಡುಕೊಂಡ ಉಪಾಯವೆಂದರೆ ತಪ್ಪನ್ನು ತಯಾರಿಸುವುದು. ಫೋನಿನಲ್ಲಿ ಒಂದು ಜಾರುಗುಂಡಿ ಮಾಡಿ, ಅದನ್ನು ಎಳೆದರೆ ಅಡುಗೆಮನೆಯ ಹಾಡು ಬೇಕೆಂದೇ 200 ಮಿಲಿಸೆಕೆಂಡು ಹಿಂದೆ ಬೀಳುವಂತೆ ಮಾಡುತ್ತಾನೆ. ನೆಂಟರನ್ನು ಬಚ್ಚಲಮನೆಯ ಬಾಗಿಲ ಮುಂದಿನ ಕಾಲೊರಸಿನ ಮೇಲೆ ಜೋಡಿಸಿ ನಿಲ್ಲಿಸಿ, ಮೊದಲು ಕೆಡಿಸಿ ತೋರಿಸುತ್ತಾನೆ, ಆಮೇಲೆ ಸರಿಮಾಡಿ ತೋರಿಸುತ್ತಾನೆ. ಆಗ ‘ಓಹೋ’ ಎಂಬ ಉದ್ಗಾರ ಬರುತ್ತದೆ. ವಯಸ್ಸಾದ ನೆಂಟರೊಬ್ಬರು ಮೊದಲನೆಯದೇ ಚೆನ್ನಾಗಿತ್ತು, ದೇವಸ್ಥಾನದಲ್ಲಿ ಕೇಳಿದ ಹಾಗಿತ್ತು ಎನ್ನುವುದೂ ಉಂಟು.

ಸರಿಹೋದ ಯಂತ್ರ ವೈರಪ್ಪನಿಗೆ ಬೇಡವಾದ ಯಂತ್ರ. ಹತ್ತು ದಿನ ಅದನ್ನು ಮುಟ್ಟದೆ ಇದ್ದು, ಹನ್ನೊಂದನೆಯ ದಿನ ಹೊಸ ಕೆಲಸ ಹುಡುಕುತ್ತಾನೆ. ಕಾವೇರಿ ನೀರು ಬಂದ ದಿನ ಮೋಟರ್ ಹಾಕಿ ಮರೆತು, ಮೇಲಿನ ಟ್ಯಾಂಕು ತುಂಬಿ ನೀರು ಬೀದಿಗೆ ಹರಿಯುವುದು ಆ ಮನೆಯ ಹಳೆಯ ಗೋಳು. ಟ್ಯಾಂಕಿನಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್ ಕೂರಿಸಲು ಒಂದು ಬೋರ್ಡು ಬೇಕಾಗುತ್ತದೆ. ಕಲಿಕೆಯ ಡಬ್ಬದಲ್ಲಿದ್ದ ನೆನಪು ಕಡಿಮೆಯ ಮೊದಲನೆಯ ಬೋರ್ಡು ಅದಕ್ಕೆ ಸಾಕು. ಸುದ್ದಿ ಮುಟ್ಟಿಸಲು ಸ್ಪೀಕರುಗಳು ಹೇಗೂ ಕೋಣೆಕೋಣೆಯಲ್ಲಿವೆ. ಮಗಳ ದನಿಯಲ್ಲಿ ‘ಟ್ಯಾಂಕ್ ತುಂಬಿದೆ, ಮೋಟರ್ ಆಫ್ ಮಾಡಿ’ ಎಂದು ಮುದ್ರಿಸಿ ಜೋಡಿಸಲು ಅವನಿಗೆ ಹಿಡಿಯುವುದು ಒಂದೇ ಭಾನುವಾರ.

ಎಂಟು ತಿಂಗಳ ಕೆಲಸಕ್ಕೆ ಸಿಗದ ಕೀರ್ತಿ ಈ ಭಾನುವಾರದ ಕೆಲಸಕ್ಕೆ ಸಿಗುತ್ತದೆ. ಹಾಲಿನಲ್ಲಿ ಟಿ.ವಿ. ನೋಡುವವರಿಗೂ, ಅಡುಗೆಮನೆಯಲ್ಲಿ ಕುಕ್ಕರಿನ ಮುಂದಿರುವವರಿಗೂ, ಕೋಣೆಯಲ್ಲಿ ಓದುವವರಿಗೂ ಒಂದೇ ಗಳಿಗೆಗೆ, ಒಂದು ಮಿಲಿಸೆಕೆಂಡೂ ಹಿಂದುಮುಂದಾಗದೆ, ಟ್ಯಾಂಕ್ ತುಂಬಿದ ಸಮಾಚಾರ ಮುಟ್ಟುತ್ತದೆ. ಯಾರಾದರೊಬ್ಬರು ಏಳುತ್ತಾರೆ, ನೀರು ಉಳಿಯುತ್ತದೆ. ಹೆಂಡತಿ ಬಂದವರಿಗೆಲ್ಲ ‘ನಮ್ಮನೆಯವರೇ ಮಾಡಿದ್ದು’ ಎಂದು ಹೇಳುತ್ತಾಳೆ. ತಾಯಿ ಒಂದು ಶುಕ್ರವಾರ ಹಾಲಿನ ಸ್ಪೀಕರಿಗೆ ಅರಿಸಿನ ಕುಂಕುಮ ಇಡುತ್ತಾಳೆ. ಪಕ್ಕದ ಮನೆಯವರು ತಮಗೂ ಅಂಥದ್ದೊಂದು ಬೇಕೆಂದು ಬಂದು, ಪ್ಲೈವುಡ್ ಪೆಟ್ಟಿಗೆಯನ್ನು ಸುತ್ತಲೂ ನೋಡಿ, ಹೊರಡುವ ಮುಂಚೆ ಕೇಳುತ್ತಾರೆ: ‘ಇದ್ರಲ್ಲಿ ಹಾಡೂ ಬರುತ್ತೇನ್ರೀ?’

ಬರುತ್ತದೆ. ಆದರೆ ಅದನ್ನು ತೋರಿಸಬೇಕಾದರೆ ಅವರನ್ನು ಬಚ್ಚಲಮನೆಯ ಬಾಗಿಲಿಗೆ ಕರೆದುಕೊಂಡು ಹೋಗಬೇಕು.